ಕಾಲು, ಕಾಗದ, ಕಾಸು: ಸೂಪರ್ ಡಿವಿಷನ್ ಆಟಗಾರನ ಕಸುಬು

ಬೆಂಗಳೂರಿನಲ್ಲಿ ಫುಟ್‌ಬಾಲ್ ಆಡಿಕೊಂಡೇ ಹೊಟ್ಟೆ ಹೊರೆಯಬೇಕೆಂದರೆ ವರ್ಷವನ್ನು ತುಂಡು ತುಂಡಾಗಿ ಹೊಲಿದುಕೊಳ್ಳಬೇಕು. ನಗರದ ಕ್ಲಬ್ಬುಗಳ ಮೇಲ್ಮಟ್ಟದ ಲೀಗಾದ ಸೂಪರ್ ಡಿವಿಷನ್ ಕೆಲವೇ ತಿಂಗಳಲ್ಲಿ ಮುಗಿದುಹೋಗುತ್ತದೆ. ಉಳಿದ ದಿನಗಳಿಗೆ ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯ ಕ್ಯಾಂಪು, ಸಿಕ್ಕರೆ ರಾಷ್ಟ್ರೀಯ ಲೀಗಿನ ಕೆಳಹಂತದ ತಂಡ, ಊರೂರಿನ ಟೂರ್ನಮೆಂಟು, ಕೇರಳದ ಸೆವೆನ್ಸ್ (ಏಳು ಮಂದಿಯ ಆಟ). ಹೀಗೆ ಹತ್ತು ವರ್ಷ ಎಳೆಯುವವರು ಹೆಚ್ಚಾಗಿ ಆಂಕಲ್ (ಕಾಲಿನ ಗಿಣ್ಣು) ಜೋಪಾನ ಮಾಡಿದವರು, ಕಾಗದಪತ್ರ ಸರಿಯಾಗಿ ಇಟ್ಟುಕೊಂಡವರು. ಗೋಲಿನ ಲೆಕ್ಕ ಆಮೇಲಿನದು.

ಮೊದಲು ಬೂಟು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿರುವುದು ಕೃತಕ ಹುಲ್ಲು. ಪ್ರಾಕ್ಟೀಸ್ ನಡೆಯುವುದು ಎಷ್ಟೋ ಸಲ ಗಟ್ಟಿ ಮಣ್ಣಿನ ಮೇಲೆ. ನಿಜವಾದ ಹುಲ್ಲಿನ ಮೈದಾನಕ್ಕೆಂದು ಮಾಡಿದ ಎಫ್‌ಜಿ ಬೂಟಿನ ಉದ್ದನೆಯ ಸ್ಟಡ್ (ಸೋಲ್ ಅಡಿಯ ಮೊಳೆ) ಕೃತಕ ಹುಲ್ಲಿನಲ್ಲಿ ಕಚ್ಚಿಕೊಳ್ಳುತ್ತದೆ. ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ, ಆ ತಿರುಚೆಲ್ಲ ಮಂಡಿಯ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟಿನ ಮೇಲೆ ಬೀಳುತ್ತದೆ. ಅದಕ್ಕೇ ಸ್ಟೇಡಿಯಂಗೆ ಎಜಿ, ಅಂದರೆ ಗಿಡ್ಡನೆಯ ದುಂಡು ಸ್ಟಡ್ ಹೆಚ್ಚಿರುವ ಬೂಟು. ಮಣ್ಣಿಗೆ ಸಣ್ಣ ರಬ್ಬರ್ ಗುಬ್ಬಿಗಳಿರುವ ಟಿಎಫ್. ಎರಡು ಜೊತೆಗೆ ದುಡ್ಡಿಲ್ಲದಿದ್ದರೆ ಟಿಎಫ್ ಒಂದನ್ನೇ ಕೊಳ್ಳಿ. ಮಳೆಯಲ್ಲಿ ಸ್ವಲ್ಪ ಜಾರುತ್ತೀರಿ, ಆದರೆ ಮಂಡಿ ಉಳಿಯುತ್ತದೆ. ಹೊಸ ಬೂಟನ್ನು ಆಡುವ ಮೊದಲೇ ಚಪ್ಪಲಿ ಹೊಲಿಯುವವರ ಹತ್ತಿರ ಕೊಂಡೊಯ್ದು ಸೋಲ್ ಸುತ್ತ ನೈಲಾನ್ ದಾರದ ಹೊಲಿಗೆ ಹಾಕಿಸುತ್ತೇನೆ. ಮಧ್ಯಾಹ್ನದ ಮ್ಯಾಚಿನಲ್ಲಿ ಟರ್ಫಿನ ಕಪ್ಪು ರಬ್ಬರ್ ಪುಡಿ ಕಾದು, ಬರೀ ಅಂಟಿನ ಮೇಲೆ ನಿಂತ ಸೋಲ್ ಮುಂಗಾಲಿನ ಕಡೆಯಿಂದ ಬಾಯಿ ಬಿಡುತ್ತದೆ.

ಆಂಕಲ್ ಟೇಪಿಂಗ್ ಕಲಿಯಲೇಬೇಕು. ಈ ಮಟ್ಟದ ಎಷ್ಟೋ ತಂಡಗಳಲ್ಲಿ ಫಿಸಿಯೋ ಇರುವುದಿಲ್ಲ, ಇದ್ದರೂ ಹದಿನೆಂಟು ಮಂದಿಗೆ ಒಬ್ಬರು. ಬೇಕಾದದ್ದು 38 ಮಿ.ಮೀ. ಅಗಲದ ಜಿಂಕ್ ಆಕ್ಸೈಡ್ ಟೇಪು ಮತ್ತು ಅದರಡಿ ಚರ್ಮಕ್ಕೆ ಸುತ್ತುವ ತೆಳುವಾದ ಅಂಡರ್‌ರ‍್ಯಾಪ್. ಎಣ್ಣೆ, ಬೆವರು ಒರೆಸಿ, ಪಾದವನ್ನು ಕಾಲಿಗೆ 90 ಡಿಗ್ರಿಯಲ್ಲಿ ಹಿಡಿದಿರಬೇಕು. ಪಾದ ಜೋತುಬಿದ್ದಾಗ ಸುತ್ತಿದ ಟೇಪು ಎದ್ದು ನಿಂತ ಕೂಡಲೇ ಎಳೆಯುತ್ತದೆ. ಗಿಣ್ಣಿಗಿಂತ ನಾಲ್ಕು ಬೆರಳು ಮೇಲೆ ಎರಡು ಸುತ್ತು ಆಧಾರಕ್ಕೆ. ಅಲ್ಲಿಂದ ಒಳಬದಿಯಲ್ಲಿ ಇಳಿದು, ಹಿಮ್ಮಡಿಯ ಅಡಿಯಿಂದ ಹೊರಬದಿಗೆ ಎಳೆದು ಮೇಲಕ್ಕೆ ಒಂದು ಪಟ್ಟಿ. ನಮ್ಮಲ್ಲಿ ಪಾದ ಉಳುಕುವುದು ಬಹುಪಾಲು ಒಳಕ್ಕೆ ಮಗುಚಿ, ಆದ್ದರಿಂದ ಎಳೆತ ಯಾವಾಗಲೂ ಒಳಗಿನಿಂದ ಹೊರಕ್ಕೆ. ಇಂಥ ಮೂರು ಪಟ್ಟಿ, ಒಂದರ ಮೇಲೊಂದು ಅರ್ಧ ಕೂರುವಂತೆ. ಮೇಲೆ ಎಂಟರ ಆಕಾರದಲ್ಲಿ ಒಂದು ಸುತ್ತು, ಕೊನೆಗೆ ಹಿಮ್ಮಡಿಯನ್ನು ಎರಡೂ ಕಡೆಯಿಂದ ಬಂಧಿಸುವ ಸುತ್ತು. ಹೆಬ್ಬೆರಳಿನ ಉಗುರು ಒತ್ತಿ ಬಿಡಿ, ಎರಡು ಸೆಕೆಂಡಿನಲ್ಲಿ ಕೆಂಪು ಮರಳದಿದ್ದರೆ ಬಿಗಿ ಹೆಚ್ಚಾಗಿದೆ, ಬಿಚ್ಚಿ ಹಾಕಿ. ಸುಕ್ಕು ಉಳಿದ ಕಡೆ ಬೊಬ್ಬೆ ಬರುತ್ತದೆ. ಬೆವರಿಗೆ ಟೇಪು ಸಡಿಲವಾಗುವುದರಿಂದ ಹಾಫ್‌ಟೈಮಿನಲ್ಲಿ ಹೊರಬದಿಗೆ ಇನ್ನೊಂದು ಪಟ್ಟಿ ಸೇರಿಸುತ್ತೇನೆ.

ವಾರ್ಮಪ್‌ಗೆ ಫಿಫಾ 11+ ಸಾಕು: 8 ನಿಮಿಷ ಓಟ, 10 ನಿಮಿಷ ಬಲ ಮತ್ತು ಸಮತೋಲನ, 2 ನಿಮಿಷ ವೇಗದ ಓಟ. ಎಲ್ಲರೂ ನಡುವಿನ ಹತ್ತು ನಿಮಿಷವನ್ನೇ ಹಾರಿಸುತ್ತಾರೆ. ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಬದಿಯ ಸ್ನಾಯು) ಉಳಿಸುವ ನಾರ್ಡಿಕ್ ವ್ಯಾಯಾಮ ಇರುವುದು ಅಲ್ಲೇ. ಮ್ಯಾಚಿಗೆ ಮೂರು ಗಂಟೆ ಮುಂಚೆ ಅನ್ನ-ಸಾರು ಅಥವಾ ಇಡ್ಲಿ, ಹೊರಡುವಾಗ ಬಾಳೆಹಣ್ಣು. ಬಿರಿಯಾನಿ ಆಡಿದ ಮೇಲೆ.

ಇನ್ನು ಕಾಗದ. ಫಿಫಾ ನಿಯಮದ ಪ್ರಕಾರ ಲಿಖಿತ ಒಪ್ಪಂದವಿದ್ದು, ಆಟಕ್ಕೆ ತಗಲುವ ಖರ್ಚಿಗಿಂತ ಹೆಚ್ಚು ದುಡ್ಡು ಪಡೆಯುವವನು ಮಾತ್ರ ಪ್ರೊಫೆಷನಲ್, ಮಿಕ್ಕವರೆಲ್ಲ ಅಮೆಚೂರ್. 'ತಿಂಗಳಿಗೆ ಇಷ್ಟು ಕೊಡ್ತೀವಿ, ಬಾರಪ್ಪ' ಎಂಬ ಮಾತನ್ನು ನಂಬಿ ನೋಂದಣಿ ಫಾರಂಗೆ ಸಹಿ ಹಾಕಿದರೆ ಎರಡನೆಯ ಗುಂಪಿಗೆ ಬಿದ್ದಂತೆ. ಸಂಬಳ ನಿಂತಾಗ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಒಪ್ಪಂದದಲ್ಲಿ ನಾನು ಮೊದಲು ಹುಡುಕುವುದು ಮೊತ್ತವನ್ನಲ್ಲ, ಮುಗಿಯುವ ತಾರೀಖನ್ನು. 'ಸೀಸನ್ ಮುಗಿಯುವವರೆಗೆ' ಎಂದಷ್ಟೇ ಇದ್ದರೆ ಲೀಗ್ ಮುಂದೂಡಿದಾಗ ಇತ್ತ ಸಂಬಳವೂ ಇಲ್ಲ, ಅತ್ತ ಬಿಡುಗಡೆಯೂ ಇಲ್ಲ. ಆಮೇಲೆ ನೋಡಬೇಕಾದ್ದು ಗಾಯವಾದರೆ ಎಂಆರ್‌ಐ ಮತ್ತು ಆಪರೇಷನ್ ಖರ್ಚು ಯಾರದು, ಆ ತಿಂಗಳುಗಳ ಸಂಬಳ ಉಂಟೋ ಇಲ್ಲವೋ ಎಂಬುದು. ರೂಮು, ಊಟ ಬಾಯಿಮಾತಿನಲ್ಲಿ ಬೇಡ. ಸಹಿಯಾದ ಪ್ರತಿ ಅಂದೇ ಕೈಗೆ ಬರಬೇಕು, ದುಡ್ಡು ಬ್ಯಾಂಕಿಗೇ ಬರಬೇಕು. ಶೇ 10ರಷ್ಟು ಟಿಡಿಎಸ್ ಹಿಡಿದಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಿರಿ. ನಮ್ಮ ಆದಾಯದಲ್ಲಿ ಅದು ಬಹಳ ಮಂದಿಗೆ ಪೂರ್ತಿ ಮರಳುತ್ತದೆ, ಕೇಳುವವರೇ ಕಡಿಮೆ.

ಒಪ್ಪಂದವಿದ್ದೂ ಎರಡು ತಿಂಗಳ ಸಂಬಳ ಬಾಕಿಯಾದರೆ, ಕ್ಲಬ್ಬಿಗೆ ಬರವಣಿಗೆಯಲ್ಲಿ ನೋಟಿಸ್ ಕೊಟ್ಟು ಕನಿಷ್ಠ 15 ದಿನ ಗಡುವು ಕೊಡಬೇಕು. ಆಮೇಲೂ ಕೊಡದಿದ್ದರೆ ಒಪ್ಪಂದ ಮುರಿಯಲು ಅದು ನ್ಯಾಯವಾದ ಕಾರಣವೆಂದು ಫಿಫಾ ನಿಯಮವೇ ಹೇಳುತ್ತದೆ. ನೋಟಿಸ್ ಕೊಡದೆ ಸಿಟ್ಟಿನಲ್ಲಿ ಕ್ಯಾಂಪ್ ಬಿಟ್ಟು ಬಂದರೆ ತಪ್ಪು ನಮ್ಮ ತಲೆಗೇ ಬರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬೈದು ಕಳಿಸುವುದು ನೋಟಿಸ್ ಅಲ್ಲ, ಇಮೇಲ್ ಮಾಡಿ.

ಸೆವೆನ್ಸ್ ವಿಷಯ. ಮಲಪ್ಪುರಂ ಕಡೆ ರಾತ್ರಿ ಲೈಟಿನಲ್ಲಿ, ತಾತ್ಕಾಲಿಕ ಗ್ಯಾಲರಿ ಕಟ್ಟಿ ನಡೆಯುವ ಏಳು ಮಂದಿಯ ಆಟ. ಮ್ಯಾಚ್ ಮುಗಿದ ರಾತ್ರಿಯೇ ನಗದು ಕೈಗೆ ಬರುತ್ತದೆ, ಆ ಸೆಳೆತ ದೊಡ್ಡದು. ಆದರೆ ಅದಕ್ಕೆ ದೇಶದ ಫುಟ್‌ಬಾಲ್ ಒಕ್ಕೂಟವಾದ ಎಐಎಫ್‌ಎಫ್‌ನ ಮಾನ್ಯತೆ ಇಲ್ಲ. ಕ್ಲಬ್ಬಿಗೆ ನೋಂದಣಿಯಾದವನು ಆಡಿ ಸಿಕ್ಕಿಬಿದ್ದರೆ ಶಿಸ್ತುಕ್ರಮ, ಬಿದ್ದು ಲಿಗಮೆಂಟ್ ಹರಿದರೆ ಅವನ ಪಾಡು ಅವನಿಗೆ. ಜಾಗ ಚಿಕ್ಕದು, ತಿರುವು ಹೆಚ್ಚು. ಸತತ ಎರಡು ರಾತ್ರಿ ಆಡಿದರೆ ತೊಡೆಸಂದು ಹೇಳಿಯೇಬಿಡುತ್ತದೆ. ಒಪ್ಪಂದ ಚಾಲ್ತಿಯಲ್ಲಿರುವಾಗ ನಾನು ಹೋಗುವುದಿಲ್ಲ.

ಸಂತೋಷ್ ಟ್ರೋಫಿ ಕ್ಯಾಂಪಿನಲ್ಲಿ ದುಡ್ಡು ಕಡಿಮೆ ಎಂದು ಕೆಲವರು ತಪ್ಪಿಸಿಕೊಳ್ಳುತ್ತಾರೆ. ಲೆಕ್ಕ ತಪ್ಪು. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಕಪ್ ಎತ್ತಿದ್ದು 54 ವರ್ಷಗಳ ಮೇಲೆ; ಹೆಸರಿನ ಮಾತು ಹಾಗಿರಲಿ, ರಾಜ್ಯಕ್ಕೆ ಆಡಿದ್ದಕ್ಕೆ ಸಿಗುವ ಫಾರಂ-2 ಕೇಂದ್ರ ಸರ್ಕಾರದ ಸ್ಪೋರ್ಟ್ಸ್ ಕೋಟಾ ಕೆಲಸಕ್ಕೆ ಬೇಕಾಗುತ್ತದೆ. ಅದಕ್ಕೆ ರಾಜ್ಯ ಸಂಸ್ಥೆಯ ಕಾರ್ಯದರ್ಶಿಯ ಸಹಿ ಬೇಕು. ಯೂನಿವರ್ಸಿಟಿಗೆ ಆಡಿದವರಿಗೆ ಫಾರಂ-3. ರೈಲ್ವೆ ಕೋಟಾದಲ್ಲಿ ವಯಸ್ಸು 18ರಿಂದ 25, ಹಾಗಾಗಿ 23ಕ್ಕೇ ಓಡಾಟ ಶುರುವಾಗಬೇಕು. ಪ್ರಮಾಣಪತ್ರದಲ್ಲಿ ನಿಮ್ಮ ಹೆಸರು, ಇನಿಷಿಯಲ್ಲು, ಹುಟ್ಟಿದ ತಾರೀಖು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇದೆಯೇ ಎಂದು ಕೌಂಟರ್ ಬಿಡುವ ಮುಂಚೆ ಓದಿ. ಆಫೀಸಿನವರು ಬದಲಾದ ಮೇಲೆ ಒಂದು ಇನಿಷಿಯಲ್ ತಿದ್ದಿಸಲು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಮೂಲ ಪ್ರತಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಪ್ಲಾಸ್ಟಿಕ್ ಫೋಲ್ಡರ್ ಸಾಕು. ಮೊಹರು, ಸಹಿ ಪರಿಶೀಲಿಸುವಾಗ ಕಾಗದವನ್ನು ಬೆಳಕಿಗೆ ಹಿಡಿದು, ಬೆರಳಾಡಿಸಿ ನೋಡುತ್ತಾರೆ.