ಗಿಳಿ ಬೇಡ, ಕಪ್ಪು ತೋರಿಸಿ

ಪ್ರೊಜೆಕ್ಟರ್ ಅಂಗಡಿಯಲ್ಲಿ ಮೊದಲು ತೋರಿಸುವುದೇ ಗಿಳಿ. ಆಮೇಲೆ ಹೂವು, ನೀಲಿ ಸಮುದ್ರ. ಎಲ್ಲಾ ಝಗಮಗ. ನನ್ನ ಮೊದಲ ಪ್ರೊಜೆಕ್ಟರನ್ನು ಹೀಗೇ ಗಿಳಿ ನೋಡಿ ಮರುಳಾಗಿ ತಂದಿದ್ದೆ. ಮನೆಯಲ್ಲಿ ರಾತ್ರಿ ದೃಶ್ಯ ಬಂದರೆ ಸಾಕು, ಪರದೆ ಮೇಲೆ ಹೊಗೆ ಕವಿದ ಹಾಗೆ ಇರುತ್ತಿತ್ತು. ಎರಡನೇ ಸಲ ಹೊರಟಿದ್ದು ಕಾರಿನ ಬೆಲೆಯ ಯಂತ್ರಕ್ಕೆ. ಹಾಗಾಗಿ ಜೇಬಲ್ಲಿ ಒಂದು ಪೆನ್‌ಡ್ರೈವ್ ಹಾಕಿಕೊಂಡು ಹೋದೆ. ಚಿತ್ರ ಪರೀಕ್ಷಿಸುವ ಕೆಲವು ಟೆಸ್ಟ್ ಪ್ಯಾಟರ್ನ್, ಒಂದು ರಾತ್ರಿ ದೃಶ್ಯ, ಒಂದು ಹಗಲಿನ ದೃಶ್ಯ, ಮತ್ತೆ ನಾನೇ ತೆಗೆದ ಅಮ್ಮನ ಫೋಟೊ.

ಮೊದಲು ಅರ್ಧ ಗಂಟೆ ಯಂತ್ರ ಓಡಲಿ ಅಂತ ಕಾದೆ. ಬಿಸಿಯಾಗುವವರೆಗೆ ಫೋಕಸ್ ಸ್ವಲ್ಪ ಸರಿದಾಡುತ್ತದೆ. ಆಮೇಲೆ ದೀಪ ಆರಿಸಿದೆ. ಅಂಗಡಿಯವರು ಪೂರ್ತಿ ಕಪ್ಪು ಪರದೆ ತೋರಿಸಿ ‘ನೋಡಿ ಸಾರ್, ಇದ್ದಿಲು!’ ಅಂದರು. ಅದರಲ್ಲಿ ಏನೂ ದೊಡ್ಡಸ್ತಿಕೆ ಇಲ್ಲ. ಇಡೀ ಚಿತ್ರ ಕಪ್ಪಾದಾಗ ಯಂತ್ರ ತನ್ನ ಲೇಸರನ್ನೇ ಮಂಕು ಮಾಡುತ್ತದೆ, ಇಲ್ಲವೇ ಆರಿಸಿಯೇ ಬಿಡುತ್ತದೆ. ಪೆಟ್ಟಿಗೆ ಮೇಲೆ ಅಚ್ಚಾಗುವ ಲಕ್ಷಗಟ್ಟಲೆ ಕಾಂಟ್ರಾಸ್ಟ್ ಲೆಕ್ಕ, ಅಂದರೆ ಕಪ್ಪಿಗಿಂತ ಬಿಳಿ ಎಷ್ಟು ಪಟ್ಟು ಬೆಳಕು ಅನ್ನುವ ಲೆಕ್ಕ, ಹುಟ್ಟುವುದು ಹೆಚ್ಚಾಗಿ ಇಲ್ಲೇ. ನಾನು ಕಪ್ಪಿನ ಮೇಲೆ ನಾಲ್ಕು ಬಿಳಿ ಅಕ್ಷರ ಹಾಕಿಸಿದೆ, ಸಿನಿಮಾ ಟೈಟಲ್ ಬರುತ್ತದಲ್ಲಾ, ಹಾಗೆ. ಅಕ್ಷರ ಬೆಳಗಬೇಕಾದರೆ ಲೇಸರ್ ಆರಿಸುವ ಹಾಗಿಲ್ಲ. ಆಗ ಅಕ್ಷರದ ಸುತ್ತಲಿನ ಕಪ್ಪು ನೋಡಬೇಕು. ಪರದೆ ಅಂಚಿನ ಕಪ್ಪು ಮಖಮಲ್ ಪಟ್ಟಿಗೆ ಹೋಲಿಸಿದರೆ ಗುಟ್ಟು ರಟ್ಟಾಗುತ್ತದೆ. ಅವರು ತೋರಿಸಿದ ಮೊದಲ ಯಂತ್ರದಲ್ಲಿ ಆ ‘ಇದ್ದಿಲು’ ಬೂದಿಯಾಯಿತು. ಪಕ್ಕದಲ್ಲಿ ಜೆವಿಸಿ ಕಂಪನಿಯ ಡಿ-ಐಎಲ್ಎ ಯಂತ್ರ ಇತ್ತು; ಡಿ-ಐಎಲ್ಎ ಅಂದರೆ ಚಿತ್ರ ಮೂಡಿಸುವ ಪ್ಯಾನೆಲ್‌ಗೆ ಆ ಕಂಪನಿ ಇಟ್ಟ ಹೆಸರು. ಅದರಲ್ಲಿ ಮಖಮಲ್ ಎಲ್ಲಿ ಶುರುವಾಗುತ್ತದೆ ಅಂತ ಹುಡುಕಬೇಕಾಯಿತು.

ಕಪ್ಪು ಗಾಢವಾಗಿದ್ದರೆ ಸಾಲದು, ಅದರೊಳಗೆ ಇರುವುದೂ ಕಾಣಬೇಕು. ಮಾಮೂಲಿ ವಿಡಿಯೊದಲ್ಲಿ ಬೆಳಕನ್ನು 0ಯಿಂದ 255ರವರೆಗಿನ ಅಂಕಿಯಲ್ಲಿ ಬರೆಯುತ್ತಾರೆ; ಕಪ್ಪು ಅಂದರೆ 16, ಬಿಳಿ ಅಂದರೆ 235. ನನ್ನ ಪ್ಯಾಟರ್ನಿನಲ್ಲಿ 17ರಿಂದ 25ರವರೆಗೆ ಪಟ್ಟಿಗಳು ಮಿನುಗುತ್ತವೆ. ಬಣ್ಣ ಝಗಮಗಿಸುವ ವಿವಿಡ್ ಮೋಡಿನಲ್ಲಿ 21ಕ್ಕಿಂತ ಕೆಳಗಿನದೆಲ್ಲಾ ಮುಳುಗಿಹೋಗಿತ್ತು. ಸಿನಿಮಾ ಮೋಡಿಗೆ ಹಾಕಿ ಬ್ರೈಟ್‌ನೆಸ್ ಎರಡು ಹೆಜ್ಜೆ ಏರಿಸಿದ ಮೇಲೆ 18 ಕಂಡಿತು, ಕಣ್ಣು ಕಿರಿದು ಮಾಡಿದರೆ 17 ಕೂಡ.

ಬಣ್ಣಕ್ಕೆ ಅಮ್ಮನೇ ಸಾಕ್ಷಿ. ಆ ಫೋಟೊದಲ್ಲಿ ಆಕೆ ಹಿತ್ತಲಲ್ಲಿ ನಿಂತಿದ್ದಾಳೆ. ಕೆನ್ನೆಗೆ ಅರಿಶಿನ, ಹಣೆಗೆ ಕುಂಕುಮ, ಮಾಸಲು ಹಸಿರು ಸೀರೆ. ಆ ಮೂರು ಬಣ್ಣ ನನಗೆ ಯಾವ ಮೀಟರೂ ಬೇಡದಷ್ಟು ಗೊತ್ತು. ವಿವಿಡ್‌ನಲ್ಲಿ ಅರಿಶಿನ ಕಿತ್ತಳೆಯಾಯಿತು, ಸೀರೆ ಪ್ಲಾಸ್ಟಿಕ್ ಆಯಿತು. ಅತಿ ಬೆಳಕಿನ ಮೋಡಿನಲ್ಲಿ ಮುಖಕ್ಕೆ ಹಸಿರು ಛಾಯೆ, ಕಾಯಿಲೆ ಬಂದವರ ಹಾಗೆ. ಬಿಳಿಯ ಛಾಯೆಯನ್ನು ಅಳೆಯುವ ಲೆಕ್ಕದಲ್ಲಿ ಅದನ್ನು 6500 ಕೆಲ್ವಿನ್ ಹತ್ತಿರ ಇಟ್ಟಾಗ ಅಮ್ಮ ಅಮ್ಮನಾದಳು. ಅಂಗಡಿ ಹುಡುಗನಿಗೆ ಮಾತ್ರ ‘ಸ್ವಲ್ಪ ಡಲ್’ ಅನ್ನಿಸಿತಂತೆ.

ಎಚ್‌ಡಿಆರ್‌ನಲ್ಲಿ ಮೋಸ ಹೋಗುವುದು ಸುಲಭ. ಅತಿ ಬೆಳಕು, ಅತಿ ಕತ್ತಲು ಎರಡನ್ನೂ ಹಿಡಿಯುವ ವಿಡಿಯೊ ಅದು. ಪರದೆಯ ಹೊಳಪನ್ನು ನಿಟ್‌ನಲ್ಲಿ ಅಳೆಯುತ್ತಾರೆ. ಆ ಚಿತ್ರಗಳನ್ನು 1000 ನಿಟ್‌ಗೆ, ಕೆಲವನ್ನು 4000ಕ್ಕೂ ತಯಾರಿಸಿರುತ್ತಾರೆ. ನಮ್ಮಲ್ಲಿ ಎಷ್ಟು ಬರುತ್ತದೆ? ಯಂತ್ರ ಚೆಲ್ಲುವ ಬೆಳಕನ್ನು, ಅಂದರೆ ಲ್ಯೂಮೆನ್ಸನ್ನು, ಪರದೆಯ ಚದರ ಮೀಟರಿನಿಂದ ಭಾಗಿಸಿ, ಮತ್ತೆ 3.14ರಿಂದ ಭಾಗಿಸಿ. ನನ್ನ 120 ಇಂಚಿನ ಸಾದಾ ಬಿಳಿ ಪರದೆ ಸುಮಾರು 4 ಚದರ ಮೀಟರ್. 1500 ಲ್ಯೂಮೆನ್ಸ್ ಬಿದ್ದರೆ 120 ನಿಟ್ ಅಷ್ಟೇ. ಥಿಯೇಟರಿನ ಮಾಮೂಲಿ ಮಟ್ಟ 48, ಅದಕ್ಕಿಂತ ಜಾಸ್ತಿಯೇ, ಆದರೆ 1000 ಎಲ್ಲಿ! ಉಳಿದದ್ದನ್ನು ಯಂತ್ರ ಅದುಮಿ ಕೂರಿಸಬೇಕು. ಅದಕ್ಕೇ ಟೋನ್ ಮ್ಯಾಪಿಂಗ್ ಅನ್ನುವುದು. ನಾನು ಸೂರ್ಯನ ಸುತ್ತಲಿನ ಮೋಡ ನೋಡಿದೆ. ಒಂದು ಯಂತ್ರದಲ್ಲಿ ಮೋಡ ಸುಣ್ಣ ಬಳಿದ ಗೋಡೆ. ಇನ್ನೊಂದರಲ್ಲಿ ಮೋಡದ ಪದರ ಉಳಿದಿತ್ತು, ಕೆಳಗಿನ ಹೊಲವೂ ಮಂಕಾಗಿರಲಿಲ್ಲ.

ಚೂಪಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಈ ಅಳತೆಯಲ್ಲಿ 4ಕೆ ಪಿಕ್ಸೆಲ್ಲಿನ ಅಗಲ 0.7 ಮಿಲಿಮೀಟರ್. ಮೂರು ಪ್ಯಾನೆಲ್‌ಗಳ ಕೆಂಪು, ಹಸಿರು, ನೀಲಿ ಅರ್ಧ ಪಿಕ್ಸೆಲ್ ಆಚೀಚೆ ಆದರೆ ಹತ್ತು ಅಡಿಯಿಂದ ಕಾಣಲ್ಲ. ಆದರೆ ಎಡ ಮೂಲೆ ಮಸುಕಾಗಿ ಬಲ ಮೂಲೆ ಚೂಪಾಗಿದ್ದರೆ ಬಿಡಬೇಡಿ. ಮೊದಲು ಪರದೆ, ಯಂತ್ರ ಎರಡೂ ನೇರ ಇವೆಯಾ ನೋಡಿ. ನೇರ ಇದ್ದರೆ ಲೆನ್ಸಿನದೇ ತಕರಾರು. ನಾನು ಬೇರೆ ಪೀಸ್ ತರಿಸಿದೆ. ಹಾಂ, ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದು ಒಳ್ಳೆಯದಾಯಿತು. ಬಣ್ಣದ ಚಕ್ರ ತಿರುಗಿ ಕೆಂಪು, ಹಸಿರು, ನೀಲಿಯನ್ನು ಒಂದಾದ ಮೇಲೊಂದು ತೋರಿಸುವ ಡಿಎಲ್‌ಪಿ ಯಂತ್ರದಲ್ಲಿ ಅವಳಿಗೆ ಕಣ್ಣು ಹೊರಳಿಸಿದಾಗೆಲ್ಲಾ ಕಾಮನಬಿಲ್ಲು. ನನಗೆ ಏನೂ ಇಲ್ಲ.

ಕೊನೆಗೆ ಆ ಡಿ-ಐಎಲ್ಎ ಮನೆಗೆ ಬಂತು. ಅದೇ ಪೆನ್‌ಡ್ರೈವ್, ಅದೇ ದೃಶ್ಯ. ಹಗಲಿನ ಸೀನ್ ಬಂದರೆ ನೆರಳೆಲ್ಲಾ ಬೂದು! ಎದೆ ಧಸಕ್ಕೆಂದಿತು. ಎರಡು ದಿನ ಯಂತ್ರಕ್ಕೆ ಬೈದೆ. ಆಮೇಲೆ ಚದುರಂಗದ ಮಣೆಯಂಥ 16 ಚೌಕದ ಪ್ಯಾಟರ್ನ್ ಹಾಕಿ ಸುಮ್ನೆ ಮೇಲೆ ನೋಡಿದೆ. ಬಿಳಿ ಚಾವಣಿ ಟ್ಯೂಬ್‌ಲೈಟಿನ ಹಾಗೆ ಬೆಳಗುತ್ತಿತ್ತು. ಬಿಳಿ ಚೌಕದ ಬೆಳಕು ಅಲ್ಲಿಗೆ ಹೋಗಿ, ವಾಪಸ್ ಕಪ್ಪು ಚೌಕದ ಮೇಲೆ ಬೀಳುತ್ತಿತ್ತು. ಶಬರಿಮಲೆಗೆ ಉಟ್ಟಿದ್ದ ಎರಡು ಕಪ್ಪು ಪಂಚೆ ಬೀರುವಿನಲ್ಲಿದ್ದವು. ಸ್ವಾಮಿಗೆ ಕ್ಷಮೆ ಕೇಳಿ, ಪರದೆ ಮುಂದಿನ ಚಾವಣಿಗೆ ಟೇಪ್ ಹಾಕಿ ಅಂಟಿಸಿದೆ. ಕಪ್ಪು ಚೌಕಗಳು ಕಣ್ಣೆದುರೇ ಇನ್ನಷ್ಟು ಕಪ್ಪಾದವು.

ಪಂಚೆ ತೆಗೆಯಲೇಬೇಕು ಅಂತ ಹೆಂಡತಿ ಹಟ ಹಿಡಿದಳು. ರಾಜಿಯಾಗಿ ಆರು ಅಡಿ ಚಾವಣಿಗೆ ಹೊಳಪಿಲ್ಲದ ಕಡು ಬೂದು ಬಣ್ಣ ಹೊಡೆಸಿದ್ದೇವೆ. ಬಂದವರು ಪರದೆ ನೋಡುವ ಮುಂಚೆ ಮೇಲೆ ನೋಡಿ ‘ಮಳೆಗೆ ಸೋರಿತ್ತಾ?’ ಅಂತ ಕೇಳುತ್ತಾರೆ.