ಸ್ಮಾರ್ಟ್ ನೀರಿನ ಮೀಟರ್ ಇದ್ಯಾ? ರಾತ್ರಿಯ ಗ್ರಾಫ್ ನೋಡಿ

2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರ್‌ಗೆ ಕಾದಿದ್ದು ನೆನಪಿದೆ ಅಲ್ವಾ? ಅದಾದ ಮೇಲೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆಮನೆಗೂ ಸ್ಮಾರ್ಟ್ ಮೀಟರ್ ಹಾಕಿಸಿದೆವು. ಹೆಚ್ಚಿನವರು ಆ್ಯಪ್‌ನಲ್ಲಿ ತಿಂಗಳ ಬಿಲ್ ಅಷ್ಟೇ ನೋಡುತ್ತಾರೆ. ನೀವು ರಾತ್ರಿ 2ರಿಂದ 4 ಗಂಟೆಯ ಗ್ರಾಫ್ ನೋಡಿ. ಎಲ್ಲರೂ ಮಲಗಿರುವ ಹೊತ್ತು ಅದು, ಗೆರೆ ಸೊನ್ನೆಗೆ ಇಳಿಯಬೇಕು. ರಾತ್ರಿಯಿಡೀ ಇಳಿಯದಿದ್ದರೆ ಎಲ್ಲೋ ಸೋರುತ್ತಿರಬಹುದು. ನಿಮಿಷಕ್ಕೆ 1 ಲೀಟರ್ ಸೋರಿದರೂ ದಿನಕ್ಕೆ 1,440 ಲೀಟರ್ ಹೋಯ್ತು!

ನಮ್ಮ ಮನೆಯ ಗೆರೆಯೂ ಇಳಿದಿರಲಿಲ್ಲ. ನಲ್ಲಿಗಳೆಲ್ಲ ಸರಿಯಾಗಿದ್ದವು. ಕೊನೆಗೆ ಫ್ಲಶ್ ಟ್ಯಾಂಕಿಗೆ ಕೇಸರಿಬಾತ್‌ಗೆ ಹಾಕುವ ಬಣ್ಣ ಒಂದು ಚಿಟಿಕೆ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಟ್ಟೆ. ಕಮೋಡಿನ ಬಿಳಿ ಗೋಡೆಯ ಮೇಲೆ ಸಣ್ಣಗೆ ಕಿತ್ತಳೆ ಗೆರೆ ಇಳಿದಿತ್ತು. ಒಳಗಿನ ರಬ್ಬರ್ ವಾಷರ್ ಸವೆದಿತ್ತು, ಅಷ್ಟೇ. ಸದ್ದೇ ಇಲ್ಲದ ಸೋರಿಕೆ, ಮೀಟರ್ ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಇನ್ನು ಹಾಕಿಸಬೇಕು ಅನ್ನುವವರಿಗೆ: ನೀರಿನ ಪೈಪ್ ಹೋಗುವ ಡಕ್ಟ್‌ನೊಳಗೆ, ಬೇಸ್‌ಮೆಂಟಿನಲ್ಲಿ ವೈಫೈ ಸರಿಯಾಗಿ ಸಿಗಲ್ಲ. ವೈಫೈ ಬದಲು ಲೋರಾ (LoRa) ರೇಡಿಯೋ, ಅಂದರೆ ಕಡಿಮೆ ಬ್ಯಾಟರಿಯಲ್ಲೇ ದೂರದವರೆಗೆ ರೀಡಿಂಗ್ ಕಳಿಸುವ ರೇಡಿಯೋ, ಇರುವ ಮೀಟರ್ ಕೇಳಿ, ಒಂದೆರಡು ಮನೆಗೆ ಹಾಕಿಸಿ ಸಿಗ್ನಲ್ ನೋಡಿಕೊಳ್ಳಿ. ಹಾಗೇ, ಆ್ಯಪ್‌ನ ವರ್ಷದ ಚಂದಾ ನಿಲ್ಲಿಸಿದರೆ ಹಳೆಯ ರೀಡಿಂಗ್ ನಮಗೆ ಸಿಗುತ್ತಾ ಅಂತ ಮೀಟರ್ ಕಂಪನಿಯಿಂದ ಬರವಣಿಗೆಯಲ್ಲೇ ಕೇಳಿ ಇಟ್ಟುಕೊಳ್ಳಿ.