ಜಕ್ಕೂರಿನ ಕೋಡಿ ಪಕ್ಕ ಕೂತು ಬಕದ ಫೋಟೋ ತೆಗೆಯುವುದು

ಹಕ್ಕಿ ಫೋಟೋ ಅಂದರೆ ರಂಗನತಿಟ್ಟು, ಕೊಕ್ಕರೆ ಬೆಳ್ಳೂರು ಅಂತ ಎಲ್ಲರೂ ಕಾರು ಹತ್ತುತ್ತಾರೆ. ನಾನು ಬೆಂಗಳೂರಿನ ಜಕ್ಕೂರು ಕೆರೆ ಬಿಟ್ಟು ಜಾಸ್ತಿ ಎಲ್ಲೂ ಹೋಗುವುದಿಲ್ಲ. ಮನೆಗೆ ಹತ್ತಿರ ಅನ್ನುವುದು ಒಂದು ಕಾರಣ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದರೆ ಯಾವ ಹಕ್ಕಿ ಎಲ್ಲಿ ಬಂದು ನಿಲ್ಲುತ್ತದೆ ಅನ್ನುವುದು ತಿಳಿದುಬಿಡುತ್ತದೆ, ಅದು ಇನ್ನೂ ದೊಡ್ಡ ಕಾರಣ.

ಬೆಂಗಳೂರಲ್ಲಿ ನದಿ ಎಲ್ಲಿದೆ ಅಂತ ಕೇಳುವವರಿದ್ದಾರೆ. ನಮ್ಮ ಕಡೆ ನೀರು ಕೆರೆಯಿಂದ ಕೆರೆಗೆ ಹರಿಯುತ್ತದೆ. ಜಕ್ಕೂರಿನ ಕೋಡಿ ನೀರು ರಾಜಕಾಲುವೆ ಹಿಡಿದು ರಾಚೇನಹಳ್ಳಿ ಕೆರೆಗೆ ಇಳಿಯುತ್ತದೆ, ಮುಂದೆ ದಕ್ಷಿಣ ಪಿನಾಕಿನಿಯ ಕಡೆಗೆ. ಬೇಸಿಗೆಯಲ್ಲೂ ಕೆರೆ ಒಣಗದೆ ಇರುವುದು ಉತ್ತರದ ತುದಿಯ ಕೊಳಚೆ ನೀರು ಶುದ್ಧೀಕರಣ ಘಟಕದಿಂದ. ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದಿಂದ ಶುರುವಾದ ಘಟಕ ಅದು. ಅಲ್ಲಿಂದ ಹೊರಟ ನೀರು ಜೊಂಡು ಬೆಳೆದ ಜೌಗಿನಲ್ಲಿ ಸೋಸಿಕೊಂಡು ಕೆರೆಗೆ ಬರುತ್ತದೆ. ಕೆನ್ನೀಲಿ ಬಕ ಬೇಕಾದರೆ ಆ ಜೊಂಡಿನಲ್ಲೇ ಹುಡುಕಬೇಕು. ಕತ್ತು ಮೇಲೆತ್ತಿ ನಿಂತರೆ ಪಟ್ಟೆ ಪಟ್ಟೆ ಕತ್ತು ಯಾವುದು, ಜೊಂಡು ಯಾವುದು ಗೊತ್ತಾಗುವುದಿಲ್ಲ. ಬೂದು ಬಕಕ್ಕೆ ಬಯಲು ನೀರು ಬೇಕು. ಬೆಳ್ಳಕ್ಕಿ, ಕೊಳದ ಬಕ ಕೋಡಿ ಹತ್ತಿರ ಇರುತ್ತವೆ, ನೀರಿನ ಜೊತೆ ಸಣ್ಣ ಮೀನು ಜಾರಿ ಬರುತ್ತವಲ್ಲ.

ಏರಿ ಮೇಲೆ ವಾಕಿಂಗ್ ಮಾಡುವವರಿಗೆ ಈ ಹಕ್ಕಿಗಳು ಹೆದರುವುದಿಲ್ಲ. ನಾಯಿ, ಸೈಕಲ್, ಫೋನಲ್ಲಿ ಜೋರಾಗಿ ಮಾತಾಡುವ ಅಂಕಲ್, ಯಾವುದಕ್ಕೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ನಡೆಯುತ್ತಿದ್ದವರು ತಟ್ಟನೆ ನಿಂತು ಅವುಗಳ ಕಡೆ ತಿರುಗಿದರೆ ಹಾರಿಬಿಡುತ್ತವೆ. ಅದಕ್ಕೇ ನಾನು ಹಕ್ಕಿ ಹಿಂದೆ ಹೋಗುವುದಿಲ್ಲ. ಬೆಳಕು ಹರಿಯುವ ಮೊದಲೇ, ಬಿಸಿಲು ಬೆನ್ನಿಗೆ ಬೀಳುವ ಕಡೆ ನೆಲದ ಮೇಲೆ ಕೂತುಬಿಡುತ್ತೇನೆ. ಸುಮ್ನೆ ಕೂತರೆ ಸಾಕು, ಅವೇ ಬರುತ್ತವೆ. ಕೆಳಗೆ ಕೂತರೆ ಇನ್ನೊಂದು ಲಾಭ: ಹಿಂದಿನ ಅಪಾರ್ಟ್‌ಮೆಂಟುಗಳು ಮಸುಕಾಗಿ, ಹಕ್ಕಿ ಎದ್ದು ಕಾಣುತ್ತದೆ. ನೀರಲ್ಲಿ ತೇಲುವ ಬಾಟಲಿ ಫ್ರೇಮಿಗೆ ಬಂದರೆ ನಾನು ಅಳಿಸುವುದಿಲ್ಲ. ಊರು ಹೀಗೇ ಇದೆ, ಅಲ್ವಾ?

ಬೂದು ಬಕ ಮೀನು ಹಿಡಿಯುವ ಕ್ಷಣಕ್ಕೆ ಕಾಯುವವರು ಕೊಕ್ಕು ನೋಡುತ್ತಾರೆ. ಕತ್ತು ನೋಡಿ. ನೆಟ್ಟಗಿದ್ದ ಕತ್ತು ನಿಧಾನಕ್ಕೆ ಮಡಚಿ ಹಿಂದಕ್ಕೆ ಹೋಗುತ್ತದೆ, ಮೈ ಮುಂದಕ್ಕೆ ವಾಲುತ್ತದೆ, ತಲೆ ಮಾತ್ರ ಅಲ್ಲಾಡುವುದಿಲ್ಲ. ಆಗ ಬೆರಳು ಬಟನ್ ಮೇಲಿರಬೇಕು. ಅದರ ಕತ್ತಿನ ಮೂಳೆಗಳ ಜೋಡಣೆಯೇ ಹಾಗಿದೆ, ಮಡಚಿದ್ದು ಸ್ಪ್ರಿಂಗಿನ ಹಾಗೆ ಬಿಚ್ಚಿಕೊಳ್ಳುತ್ತದೆ. ಶಟರ್ ಸ್ಪೀಡ್ 1/2000 ಸೆಕೆಂಡಿಗಿಂತ ನಿಧಾನ ಇಟ್ಟರೆ ಹನಿಗಳು ಗೆರೆಗಳಾಗುತ್ತವೆ. ಬೆಳಕು ಸಾಲದಿದ್ದರೆ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿ, ಫೋಟೋ ಕಾಳು ಕಾಳಾದರೂ ಪರವಾಗಿಲ್ಲ. ಮೀನು ಸಿಕ್ಕಿತು ಅಂತ ಬೆರಳು ತೆಗೆಯಬೇಡಿ. ಕೊಕ್ಕಿಗೆ ಅಡ್ಡ ಸಿಕ್ಕ ಮೀನನ್ನು ಅದು ತಿರುಗಿಸಿ, ತಲೆ ಕಡೆಯಿಂದ ನುಂಗುತ್ತದೆ. ಬಾಲದಿಂದ ನುಂಗಿದರೆ ಮೀನಿನ ಮುಳ್ಳುರೆಕ್ಕೆ ಗಂಟಲಿಗೆ ಚುಚ್ಚುತ್ತದೆ. ಆ ತಿರುಗಿಸುವಾಗ ಮೀನು ಒಂದು ಗಳಿಗೆ ಗಾಳಿಯಲ್ಲಿರುತ್ತದೆ. ನನ್ನ ಮಟ್ಟಿಗೆ ಒಳ್ಳೆಯ ಫೋಟೋ ಅದೇ.

ಬೆಳ್ಳಕ್ಕಿಯದ್ದು ಬೇರೆ ಕಥೆ. ಕಪ್ಪು ನೀರಿನ ಮುಂದೆ ನಿಂತ ಬಿಳಿ ಹಕ್ಕಿ ಕಂಡರೆ ಕ್ಯಾಮೆರಾ ಕತ್ತಲಿದೆ ಅಂದುಕೊಂಡು ಬೆಳಕು ಜಾಸ್ತಿ ಮಾಡುತ್ತದೆ, ಗರಿಯೆಲ್ಲ ಸುಣ್ಣ ಬಳಿದಂತೆ ಚಪ್ಪಟೆಯಾಗುತ್ತದೆ. ಎಕ್ಸ್‌ಪೋಶರನ್ನು ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಿದರೆ ಗರಿ ಗರಿಯೂ ಕಾಣುತ್ತದೆ.

ಕೊಳದ ಬಕವನ್ನು ಯಾರೂ ಕ್ಯಾರೇ ಅನ್ನುವುದಿಲ್ಲ. ಮಣ್ಣಿನ ಬಣ್ಣ, ಕುಗ್ಗಿ ಕೂತ ಭಂಗಿ. ಹಾರಿದಾಗ ಮಾತ್ರ ಬೆಳ್ಳನೆ ರೆಕ್ಕೆ ಬಿಚ್ಚಿಕೊಳ್ಳುತ್ತದೆ, ಆಗ ಎಲ್ಲರೂ ಅದೇನು ಹಕ್ಕಿ ಅಂತಾರೆ. ಮಳೆ ಶುರುವಾಗುವ ಹೊತ್ತಿಗೆ, ಮರಿ ಮಾಡುವ ಕಾಲಕ್ಕೆ, ಅದರ ಬೆನ್ನು ಕಡುಗೆಂಪಾಗುತ್ತದೆ. ತೆಗೆದರೆ ಆಗಲೇ ತೆಗೆಯಬೇಕು. ಆದರೆ ಗೂಡಿರುವ ಮರದ ಬುಡಕ್ಕೆ ಹೋಗಬೇಡಿ. ತಾಯಿ ಎದ್ದರೆ ಕಾಗೆ ಮೊಟ್ಟೆ ಎತ್ತಿಕೊಂಡು ಹೋಗುತ್ತದೆ. ಆ ತಿಂಗಳುಗಳಲ್ಲಿ ನಾನು ಕೋಡಿಗೆ ಮೀನಿಗಾಗಿ ಬಂದವನ್ನಷ್ಟೇ ತೆಗೆಯುತ್ತೇನೆ.